ಕೊರಿಯನ್ನರ ಇಂಗ್ಲಿಷಿನಲ್ಲಿ 'ಎ', 'ದ' ಯಾಕೆ ಜಾರುತ್ತವೆ?

ಪ್ರತಿ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ವಿದ್ಯಾರ್ಥಿಗಳು ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುವ ಹೊತ್ತಿಗೆ ಸುಮಾರು 35 ನಿಮಿಷ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಈ ಸುದ್ದಿ ನೋಡಿದ ಓದುಗರೊಬ್ಬರ ಪ್ರಶ್ನೆ: ಇಂಗ್ಲಿಷಿಗೆ ಇಷ್ಟು ಮಹತ್ವ ಕೊಡುವವರು 'ಎ', 'ದ' ಹಾಕುವಲ್ಲಿ ಯಾಕೆ ಎಡವುತ್ತಾರೆ?

ಕೊರಿಯನ್ನಿನಲ್ಲಿ 'ಎ', 'ದ' ಥರದ ಆರ್ಟಿಕಲ್ ಇಲ್ಲ. ಬಹುವಚನ ಪ್ರತ್ಯಯವಿದ್ದರೂ ಕಡ್ಡಾಯವಲ್ಲ, ನಾವು 'ಮೂರು ಪುಸ್ತಕ ಕೊಡಿ' ಅನ್ನುವ ಹಾಗೆ. 1957ರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಲಾಡೊ ಹೇಳಿದ್ದೂ ಇದನ್ನೇ: ಎರಡು ಭಾಷೆ ಬೇರೆಯಾಗುವ ಕಡೆ ಕಲಿಯುವವರಿಗೆ ಕಷ್ಟ. ಆದರೆ ಎಲ್ಲ ತಪ್ಪಿಗೂ ಇದೇ ಕಾರಣವಲ್ಲ: 'ದಿ ಆಕ್ಸಿಡೆಂಟ್ ಹ್ಯಾಪನ್ಡ್' ಅನ್ನುವ ಬದಲು 'ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್' ಎನ್ನುವ ತಪ್ಪನ್ನು ಕೊರಿಯನ್ನರಷ್ಟೇ ಅಲ್ಲ, ಸ್ಪ್ಯಾನಿಷ್, ಜಪಾನಿ ಭಾಷಿಕರೂ ಮಾಡುತ್ತಾರೆ. ಅಪಘಾತ ತಾನಾಗಿ ಏನನ್ನೂ ಮಾಡುವುದಿಲ್ಲವಲ್ಲ, ಹಾಗಾಗಿ ಕಲಿಯುವವರ ಮನಸ್ಸು ಅದಕ್ಕೆ ಕರ್ಮಣಿ ಪ್ರಯೋಗ ಹೊಂದಿಸುತ್ತದೆ. ಎಷ್ಟು ಚೆನ್ನಾದ ತರ್ಕ! ತಪ್ಪಿನ ಹಿಂದೆ ಕಲಿಯುವವರು ತಾವೇ ಕಟ್ಟಿಕೊಂಡ ನಿಯಮ ಇರುತ್ತದೆಂದು 1967ರಲ್ಲಿ ಭಾಷಾವಿಜ್ಞಾನಿ ಪಿಟ್ ಕಾರ್ಡರ್ ವಾದಿಸಿದರು. ಮನೆಮಾತಿಗೂ ಕಲಿಯುವ ಭಾಷೆಗೂ ನಡುವೆ ಹೀಗೆ ಕಟ್ಟಿಕೊಂಡ ಭಾಷೆಗೆ 1972ರಲ್ಲಿ ಲ್ಯಾರಿ ಸೆಲಿಂಕರ್ 'ಇಂಟರ್‌ಲ್ಯಾಂಗ್ವೇಜ್' ಎಂಬ ಹೆಸರನ್ನು ನೆಲೆಗೊಳಿಸಿದರು.

ನನಗೆ ಬಹಳ ಹಿಡಿಸಿದ್ದು 1989ರ ಅಧ್ಯಯನ. ಜಾಕ್ವೆಲಿನ್ ಜಾನ್ಸನ್, ಎಲಿಸಾ ನ್ಯೂಪೋರ್ಟ್ ಇಬ್ಬರೂ 3ರಿಂದ 39ರ ವಯಸ್ಸಿನೊಳಗೆ ಅಮೆರಿಕಕ್ಕೆ ಬಂದ 46 ಕೊರಿಯನ್, ಚೀನೀ ಭಾಷಿಕರಿಗೆ ಇಂಗ್ಲಿಷ್ ವಾಕ್ಯಗಳನ್ನು ಕೇಳಿಸಿ, ಸರಿಯೋ ತಪ್ಪೋ ಹೇಳಿಸಿದರು. ಏಳು ವರ್ಷದೊಳಗೆ ಬಂದವರು ಇಂಗ್ಲಿಷ್ ಮನೆಮಾತಿನವರಿಗೆ ಸರಿಸಮ. ತಡವಾಗಿ ಬಂದವರು ಹೆಚ್ಚು ಎಡವಿದ್ದು ಆರ್ಟಿಕಲ್ ಮತ್ತು ಬಹುವಚನದಲ್ಲಿ. ಸಾಮಾನ್ಯ ಪದಕ್ರಮದಲ್ಲಿ ಎಡವಿದ್ದು ತೀರಾ ಕಡಿಮೆ. ಕನ್ನಡದಂತೆ ಕೊರಿಯನ್ನಿನಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ಅಷ್ಟು ದೊಡ್ಡ ವ್ಯತ್ಯಾಸವೇ ಅವರನ್ನು ಕಾಡಲಿಲ್ಲ! ಇಂಗ್ಲಿಷಿನಲ್ಲಿ ಯಾರು ಯಾರನ್ನು ಹೊಡೆದರು ಎಂಬುದು ಪದಕ್ರಮದಿಂದಲೇ ತಿಳಿಯಬೇಕು, ತಪ್ಪಿದರೆ ಅರ್ಥವೇ ಕೆಡುತ್ತದೆ. 'ದ' ಹಾಗಲ್ಲ. ಮಾತಿನಲ್ಲಿ ಅದಕ್ಕೆ ಒತ್ತಿಲ್ಲ, ಬಿಟ್ಟರೂ ಕೇಳುವವರಿಗೆ ತಿಳಿಯುತ್ತದೆ. ಬಳಸಬೇಕೋ ಬೇಡವೋ ಎಂಬುದು ಎದುರಿನವರಿಗೆ ಏನು ಗೊತ್ತಿದೆ ಎಂಬ ನಮ್ಮ ಊಹೆಯ ಮೇಲೆ ನಿಂತಿದೆ.

ಇದನ್ನೋದಿ 'ಏಳರೊಳಗೆ ಇಂಗ್ಲಿಷ್ ಕಲಿಸದಿದ್ದರೆ ಕೆಟ್ಟೆವು' ಎಂದು ಪೋಷಕರು ಹೆದರಬೇಕಿಲ್ಲ. ಆ ಅಧ್ಯಯನ ಇಂಗ್ಲಿಷಿನ ನಡುವೆಯೇ ಬದುಕುವ ವಲಸಿಗರದ್ದು. ಸೋಲ್‌ನಲ್ಲಿ ಸಂಜೆ ಟ್ಯೂಷನ್ನಿಗೆ ಹೋಗುವ ಮಗುವಿನದ್ದಲ್ಲ. ಅಲ್ಲದೆ, 1999ರಲ್ಲಿ ಜೇಮ್ಸ್ ಫ್ಲೆಗಿ ಮತ್ತು ಸಂಗಡಿಗರು ಅಮೆರಿಕದಲ್ಲಿ ನೆಲೆಸಿದ 240 ಕೊರಿಯನ್ನರನ್ನು ಪರೀಕ್ಷಿಸಿದಾಗ, ಅಲ್ಲಿ ಎಷ್ಟು ವರ್ಷ ಓದಿದರು ಎಂಬಂಥ ಅಂಶಗಳನ್ನು ಸರಿದೂಗಿಸಿದ ಮೇಲೆ ವ್ಯಾಕರಣದ ಮೇಲೆ ಬಂದಾಗಿನ ವಯಸ್ಸಿನ ಪ್ರಭಾವ ಕಾಣಲಿಲ್ಲ. ಉಚ್ಚಾರಣೆಯ ಮೇಲೆ ಮಾತ್ರ ಉಳಿಯಿತು.