ಮಾತ್ರೆ ಬಿಟ್ಟವನ ಮಾತನ್ನು ಕೇಳಿದವರಾರು?

1986ರ ಬೇಸಿಗೆಯ ಮಾತು. ನಾನು ಸರ್ಕಾರಿ ಸೇವೆಗೆ ಸೇರಿ ಎರಡು ವರ್ಷಗಳಾಗಿದ್ದವು. ಇಪ್ಪತ್ತೆರಡರ ಹರೆಯದ ನನ್ನ ತಮ್ಮನಿಗೆ ಇರುವುದು ಸ್ಕಿಜೋಫ್ರೀನಿಯಾ ಎಂದು ನಿರ್ಧರಿಸಿದ ವೈದ್ಯರು ಹ್ಯಾಲೊಪೆರಿಡಾಲ್ ಮಾತ್ರೆ ಆರಂಭಿಸಿದ್ದರು. ಮೂರನೆಯ ದಿನ ಊಟಕ್ಕೆ ಕುಳಿತಿದ್ದ ಅವನ ಕುತ್ತಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ತಿರುಚಿಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಸರಿದು ಅಲ್ಲಿಯೇ ನಿಂತವು. ಗಾಳಿ ಸೋಕಿದೆಯೆಂದು ಅಮ್ಮ ನಿಂಬೆಹಣ್ಣು ನಿವಾಳಿಸಲು ಓಡಿದಳು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನಾನು ಅದನ್ನು ನಂಬಲಿಲ್ಲ. ಆದರೆ ನನ್ನ ಬಳಿಯೂ ಬೇರೆ ವಿವರಣೆ ಇರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಪ್ರೊಮೆಥಜೀನ್ ಚುಚ್ಚುಮದ್ದು ಕೊಟ್ಟ ಅರ್ಧ ಗಂಟೆಯಲ್ಲಿ ಕುತ್ತಿಗೆ ನೆಟ್ಟಗಾಯಿತು. ಇದು ಔಷಧಿಯಿಂದ ಆಗುವಂಥದ್ದು, ತರುಣರಲ್ಲಿ ಮೊದಲ ಕೆಲವು ದಿನಗಳಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ ಎಂಬ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಅಳಬೇಕಾಗಿರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅದರ ನಂತರ ನಡೆದ ಸಂಗತಿ. ಕೆಲವು ವಾರಗಳಲ್ಲಿ ಅವನು ಕುಳಿತಲ್ಲಿ ಕೂರದವನಾದ. ಜಗುಲಿಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಜಗುಲಿಗೆ ರಾತ್ರಿಯಿಡೀ ನಡೆಯುತ್ತಿದ್ದ. 'ಅಣ್ಣ, ಕಾಲೊಳಗೆ ಇರುವೆ ಹರಿದ ಹಾಗಾಗುತ್ತೆ. ಕೂತರೆ ಜೀವ ಹೋಗುತ್ತೆ ಅನ್ನಿಸುತ್ತೆ' ಎಂದ. ಸುಮ್ಮನೆ ಕೂತುಕೋ ಎಂದು ಗದರಿದೆ. ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ನಾನು ಕೊಟ್ಟ ವರದಿ, ಆಡಳಿತಗಾರನ ಭಾಷೆಯಲ್ಲಿ, ಸಂಕ್ಷಿಪ್ತವಾಗಿತ್ತು: 'ಗಲಾಟೆ ಹೆಚ್ಚಾಗಿದೆ, ನಿದ್ದೆ ಇಲ್ಲ.' ಅಂದು ಅವರ ಮುಂದಿದ್ದ ಸಾಲು ಬಾಗಿಲಾಚೆಗೂ ಚಾಚಿತ್ತು. ಅವರು ನನ್ನ ಮಾತನ್ನು ನಂಬಿ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ತಮ್ಮ ಇಡೀ ಪೊಟ್ಟಣವನ್ನು ಬಾವಿಗೆ ಎಸೆದ. ಆ ಮೇಲಿನ ಮೂರು ವರ್ಷಗಳನ್ನು ವಿವರಿಸುವ ಶಕ್ತಿ ನನಗಿಲ್ಲ. ಒಮ್ಮೆ ಅವನು ಹನ್ನೊಂದು ದಿನ ಕಾಣೆಯಾಗಿ, ಕಡೆಗೆ ಅರಸೀಕೆರೆ ರೈಲು ನಿಲ್ದಾಣದಲ್ಲಿ ಸಿಕ್ಕಿದ ಎಂದಷ್ಟೇ ಹೇಳುತ್ತೇನೆ.

ಆ ಚಡಪಡಿಕೆಗೆ ವೈದ್ಯಶಾಸ್ತ್ರದಲ್ಲಿ ಅಕತೀಸಿಯಾ ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಹೊರಗಿನಿಂದ ನೋಡುವವರಿಗೆ ಅದು ಕಾಯಿಲೆ ಉಲ್ಬಣಿಸಿದಂತೆಯೇ ಕಾಣುತ್ತದೆ; ವಾಸ್ತವದಲ್ಲಿ ಅದು ಔಷಧಿಯ ಫಲ. ಪ್ರಮಾಣ ಹೆಚ್ಚಿಸಿದರೆ ಅದೂ ಹೆಚ್ಚುತ್ತದೆ. ಪ್ರಮಾಣವನ್ನು ಇಳಿಸುವುದು, ಔಷಧಿಯನ್ನು ಬದಲಿಸುವುದು, ಉಬ್ಬಸದಂಥ ಅಡ್ಡಿಯಿಲ್ಲದವರಿಗೆ ಪ್ರೊಪ್ರನೊಲಾಲ್ ಕೊಡುವುದು ಮುಂತಾದ ದಾರಿಗಳಿವೆ. ಅಸಹನೀಯವಾದ ಈ ಚಡಪಡಿಕೆ ಕೆಲವರನ್ನು ಆತ್ಮಹತ್ಯೆಯ ಯೋಚನೆಗೂ ದೂಡಬಲ್ಲದು. ಬಾವಿಗೆ ಬಿದ್ದದ್ದು ಮಾತ್ರೆಗಳ ಪೊಟ್ಟಣ ಮಾತ್ರ ಎಂಬುದಕ್ಕೆ ನಾನು ಈಗಲೂ ಕೃತಜ್ಞ.

ಈ ಔಷಧಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದ ಮೇಲೆಯೇ ಲಕ್ಷಾಂತರ ಮಂದಿ ಹುಚ್ಚಾಸ್ಪತ್ರೆಯ ಗೋಡೆಗಳಿಂದ ಹೊರಬರಲು ಸಾಧ್ಯವಾಯಿತು. ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಸಂದೇಶವನ್ನು ಇವು ತಡೆಯುತ್ತವೆ. ಭ್ರಮೆಗಳನ್ನು ತಗ್ಗಿಸುವುದು ಆ ತಡೆಯೇ. ಆದರೆ ಕೈಕಾಲುಗಳ ಚಲನೆಯನ್ನು ಹದದಲ್ಲಿಡುವುದೂ ಅದೇ ಡೋಪಮಿನ್. ಆದ್ದರಿಂದಲೇ ನಡುಕ, ಬಿಗಿತ, ಭಾವವಿಲ್ಲದ ಮುಖ, ಎಳೆದ ನಡಿಗೆ. ಈ ಜ್ಞಾನದ ಹಿಂದೆ ನಮ್ಮ ಸರ್ಪಗಂಧದ ಬೇರಿನ ಪಾತ್ರವೂ ಇದೆಯೆಂಬುದು ಅನೇಕರಿಗೆ ತಿಳಿದಿರಲಾರದು. ಆ ಬೇರು ಉನ್ಮಾದವನ್ನು ಶಮನಗೊಳಿಸುತ್ತದೆಯೆಂದು 1931ರಲ್ಲಿಯೇ ಭಾರತೀಯ ವೈದ್ಯರು ಪ್ರಕಟಿಸಿದ್ದರು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಕೊಟ್ಟಾಗ ಮೊಲಗಳು ಮರಗಟ್ಟಿದಂತಾದವು. ಡೋಪಮಿನ್ನಿನ ಪೂರ್ವರೂಪವಾದ ಎಲ್-ಡೋಪಾ ಕೊಟ್ಟೊಡನೆ ಮತ್ತೆ ಚೇತರಿಸಿಕೊಂಡವು. 1950ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಹಳೆಯ ಔಷಧಿಗಳ ಬದಲು ಹೊಸವನ್ನು ಕೊಟ್ಟರೆ ಸಮಸ್ಯೆ ತೀರಿತಲ್ಲವೇ ಎಂದು ಓದುಗರು ಕೇಳಬಹುದು. ಅಷ್ಟು ಸರಳವಲ್ಲ. ಅಮೆರಿಕದಲ್ಲಿ ಸುಮಾರು 1,500 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಕೇಟೀ ಅಧ್ಯಯನದಲ್ಲಿ, ಕೊಟ್ಟ ಔಷಧಿಯನ್ನು ಹದಿನೆಂಟು ತಿಂಗಳೊಳಗೆ ಬಿಟ್ಟವರ ಪ್ರಮಾಣ ಶೇ 74. ಹೊಸ ಔಷಧಿ, ಹಳೆಯ ಔಷಧಿ ಎರಡನ್ನೂ ಜನ ಬಿಟ್ಟರು. ಓಲಾಂಜಪಿನ್ ತುಸು ಹೆಚ್ಚು ಕಾಲ ಉಳಿಯಿತು. ಅದರ ಬೆಲೆಯನ್ನು ದೇಹದ ತೂಕ ಮತ್ತು ಸಕ್ಕರೆಯ ರೂಪದಲ್ಲಿ ತೆರಬೇಕಾಯಿತು. ಔಷಧಿ ಬಿಟ್ಟವರನ್ನೆಲ್ಲ 'ಅಸಹಕಾರಿ ರೋಗಿ' ಎಂದು ಬರೆದು ಕಡತ ಮುಚ್ಚುವ ಅಭ್ಯಾಸ ಎಷ್ಟು ಅನ್ಯಾಯದ್ದೆಂಬುದನ್ನು ಈ ಒಂದು ಅಂಕಿಯೇ ಹೇಳುತ್ತದೆ.

ಸೇವೆಯಲ್ಲಿದ್ದಾಗ ಔಷಧಿ ಖರೀದಿ ಸಮಿತಿಯೊಂದರಲ್ಲಿ ನಾನೂ ಕುಳಿತಿದ್ದೇನೆ. ಹತ್ತು ಮಾತ್ರೆಯ ಪಟ್ಟಿಗೆ ಯಾರ ದರ ಕಡಿಮೆ ಎಂಬುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ. ಆ ದರಪಟ್ಟಿಯಲ್ಲಿ ಕಾಣದ ವೆಚ್ಚಗಳನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನಾದರೂ ಕೇಳಬೇಕಿತ್ತು. ಕೈ ನಡುಗಿ ಟೈಲರ್ ಕೆಲಸ ಕಳೆದುಕೊಂಡವನ ಕೂಲಿ, ಕಾಯಿಲೆ ಮರುಕಳಿಸಿದಾಗಿನ ಆಸ್ಪತ್ರೆವಾಸ, ಜೊತೆಗಿರಲು ಕೆಲಸ ಬಿಟ್ಟ ಅಕ್ಕತಂಗಿಯರ ದಿನಗಳು, ಇವೆಲ್ಲ ಯಾವ ತಖ್ತೆಗೂ ಬರುವುದಿಲ್ಲ. ನಾನು ಕೇಳಲಿಲ್ಲ. ನನ್ನ ತಮ್ಮ ಅದೇ ಮಾತ್ರೆ ನುಂಗುತ್ತಿದ್ದನೆಂಬುದೂ ಆಗ ನನಗೆ ನೆನಪಾಗಲಿಲ್ಲ.

2012ರ ಸುಮಾರಿಗೆ ಅವನ ತುಟಿಗಳು ತಾವಾಗಿಯೇ ಚಲಿಸತೊಡಗಿದವು. ನಾಲಿಗೆ ಹೊರಬಂದು ಒಳಹೋಗುತ್ತಿತ್ತು. ದವಡೆ ಸದಾ ಏನನ್ನೋ ಅಗಿಯುವಂತಿತ್ತು. ಮದುವೆಮನೆಯಲ್ಲಿ ಪಂಕ್ತಿಗೆ ಕುಳಿತಾಗ ಪಕ್ಕದವರು ಎಲೆ ಸರಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಇದು ಟಾರ್ಡೈವ್ ಡಿಸ್ಕೈನೀಸಿಯಾ, ಅಂದರೆ ಔಷಧಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೇವಿಸಿದ ಮೇಲೆ ತಡವಾಗಿ ತಲೆದೋರುವ ಅನೈಚ್ಛಿಕ ಚಲನೆ. ಹಳೆಯ ಔಷಧಿಗಳಲ್ಲಿ ಇದು ವರ್ಷಕ್ಕೆ ನೂರರಲ್ಲಿ ಸುಮಾರು ಐವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಔಷಧಿಯನ್ನು ನಿಲ್ಲಿಸಿದರೂ ಕೆಲವರಲ್ಲಿ ಉಳಿದುಬಿಡುತ್ತದೆ. ಆದುದರಿಂದಲೇ ಅದನ್ನು ಮೊಳಕೆಯಲ್ಲಿ ಗುರುತಿಸುವುದು ಮುಖ್ಯ.

ನಡುಕಕ್ಕೆಂದು ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಟ್ರೈಹೆಕ್ಸಿಫೆನಿಡಿಲ್ ಇದಕ್ಕೆ ಮದ್ದಲ್ಲ. ಕೆಲವೊಮ್ಮೆ ಇದನ್ನು ಹೆಚ್ಚಿಸುವುದೂ ಉಂಟು. ವಯಸ್ಸಾದವರಲ್ಲಿ ಮರೆವು, ಮಲಬದ್ಧತೆ, ಮೂತ್ರಕಟ್ಟುಗಳನ್ನೂ ತರಬಲ್ಲದು. ನನ್ನ ತಮ್ಮ ಅದನ್ನು ಇಪ್ಪತ್ತು ವರ್ಷಗಳಿಗೂ ಮೀರಿ ನುಂಗಿದ್ದ. ಹಳೆಯ ಚೀಟಿಯನ್ನು ನೋಡಿ ಹೊಸ ಚೀಟಿ ಬರೆಯುವುದು ನಮ್ಮ ಕಚೇರಿಗಳಲ್ಲಿ 'ಹಿಂದಿನಂತೆ' ಎಂದು ಷರಾ ಬರೆಯುವುದಕ್ಕಿಂತ ಭಿನ್ನವಲ್ಲ.

ಗುರುತಿಸುವುದು ಕಷ್ಟವೂ ಅಲ್ಲ. ಇದಕ್ಕೆಂದೇ 1970ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ರೂಪಿಸಿದ ಹನ್ನೆರಡು ಅಂಶಗಳ ಒಂದು ನಮೂನೆಯಿದೆ. ಹೆಸರು ಏಮ್ಸ್; ದೆಹಲಿಯ ಆಸ್ಪತ್ರೆಗೂ ಇದಕ್ಕೂ ಸಂಬಂಧವಿಲ್ಲ. ರೋಗಿಯನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬಾಯಲ್ಲಿ ಏನಾದರೂ ಇದೆಯೇ, ಹಲ್ಲಿನ ಸೆಟ್ ತೊಂದರೆ ಕೊಡುತ್ತಿದೆಯೇ ಎಂದು ಮೊದಲು ಕೇಳುತ್ತಾರೆ. ನಮ್ಮಲ್ಲಿ ಎಲೆಯಡಿಕೆಯನ್ನು ಉಗಿದು ಬರಲು ಹೇಳಬೇಕಾದೀತು. ಬಾಯಿ ತೆರೆಸಿ ನಾಲಿಗೆಯನ್ನು ನೋಡುತ್ತಾರೆ, ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತಾಗಿಸಲು ಹೇಳುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಯಂತ್ರ ಬೇಡ, ಪ್ರಯೋಗಾಲಯ ಬೇಡ. ಹತ್ತು ನಿಮಿಷ ಸಾಕು.

ಆ ಹತ್ತು ನಿಮಿಷವನ್ನು ಎಲ್ಲಿಂದ ತರುವುದು ಎಂಬುದೇ ಆಡಳಿತದ ಪ್ರಶ್ನೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತರಬೇತಿ ಪಡೆದ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಈ ಕಾಯಿಲೆಗಳನ್ನು ನಿಭಾಯಿಸಬಲ್ಲರು ಎಂಬುದು ಬಳ್ಳಾರಿಯ ಪಾಠ. ಅದೇ ತರ್ಕದಲ್ಲಿ, ವೈದ್ಯರನ್ನು ಕಾಣುವ ಮುನ್ನ ಶುಶ್ರೂಷಕಿಯೊಬ್ಬರು ಈ ಪರೀಕ್ಷೆ ಮಾಡಿ ರೋಗಿಯ ಪುಸ್ತಕದಲ್ಲಿ ಅಂಕ ಬರೆಯುವುದು ಅಸಾಧ್ಯವೇನಲ್ಲ. ವರ್ಷಕ್ಕೆ ಎರಡು ಸಲವಾದರೂ ಸಾಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 22ನೇ ಕಲಮು, ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಹೇಳುತ್ತದೆ. ಕಾನೂನು ಬಂದಿದೆ, ಔಷಧಿ ವಿತರಣೆಯ ಕಿಟಕಿಯಲ್ಲಿ ಕನ್ನಡದ ಒಂದು ಪುಟದ ಚೀಟಿಯನ್ನು ನಾನಿನ್ನೂ ಕಂಡಿಲ್ಲ.

ಆ ಚೀಟಿಯಲ್ಲಿ ಏನಿರಬೇಕೆಂದು ಕೇಳಿದರೆ, ಕುಟುಂಬದವರಿಗೆ ಎರಡು ಮಾತುಗಳಂತೂ ಇರಲೇಬೇಕು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸುತ್ತದೆ. ವೈದ್ಯರಿಗೆ ಹೇಳಿ, ಬದಲಿಸುವ ದಾರಿಗಳಿವೆ. ತೀವ್ರ ಜ್ವರದೊಡನೆ ಮೈ ಮರದಂತೆ ಬಿಗಿದು ಪ್ರಜ್ಞೆ ಮಸುಕಾದರೆ ಮಾತ್ರ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅನುಮಾನಗಳಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡಬಹುದು.

ನನ್ನ ತಮ್ಮನಿಗೆ ಈಗ ಅರವತ್ತು ದಾಟಿದೆ. ಆರು ವರ್ಷಗಳ ಹಿಂದೆ ಒಬ್ಬ ಯುವ ವೈದ್ಯೆ ಮೊದಲ ಬಾರಿಗೆ ನನ್ನನ್ನು ಬಿಟ್ಟು ಅವನನ್ನೇ ಪ್ರಶ್ನೆ ಕೇಳಿದರು. ಟ್ರೈಹೆಕ್ಸಿಫೆನಿಡಿಲನ್ನು ತಿಂಗಳುಗಳ ಕಾಲ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಹಳೆಯ ಔಷಧಿಯ ಜಾಗಕ್ಕೆ ಕ್ಲೋಜಪೈನನ್ನು ತಂದರು. ಅದಕ್ಕೆ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ ರಕ್ತಪರೀಕ್ಷೆ ಕಡ್ಡಾಯ. ಆ ಖರ್ಚು, ಬಸ್ಸಿನ ಓಡಾಟ ನನ್ನ ಪಿಂಚಣಿಗೆ ನಿಲುಕಿತು. ಎಲ್ಲರಿಗೂ ನಿಲುಕೀತೆಂದು ಹೇಳಲಾರೆ. ಅವನ ಪುಸ್ತಕದಲ್ಲಿ ಅಂದು ಬರೆದ ಅಂಕ ಹದಿಮೂರು, ಕಳೆದ ಭೇಟಿಯಲ್ಲಿ ಆರು. ನಾಲಿಗೆ ಈಗಲೂ ಆಗಾಗ ಅಲುಗುತ್ತದೆ. ಹೊರಡುವ ಹೊತ್ತಿಗೆ ವೈದ್ಯೆ ಕಾಲಿನ ಚಡಪಡಿಕೆಯ ಬಗ್ಗೆ ಕೇಳಿದರು. ಅವನು ನನ್ನತ್ತ ನೋಡಿ, 'ಈಗ ಇಲ್ಲ ಮೇಡಂ. ಆಗ ಇತ್ತು, ಅಣ್ಣನಿಗೆ ಹೇಳಿದ್ದೆ' ಎಂದ.