ಗಿಟಾರಿನ ಬೆನ್ನಿಗೊಂದು ಉಕ್ಕಿನ ಸರಳು

ಮಹಾಪೆಯ ಎಂ.ಐ.ಡಿ.ಸಿ.ಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಲೇತ್ ಮೇಲೆ ದುಡಿದ ನನಗೆ, ನಿವೃತ್ತಿಯ ನಂತರ ಇಂಥದೊಂದು ಕೆಲಸ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಮಳೆಗಾಲದ ಸಂಜೆ ಮಗ ಮಹಾಗನಿಯ ಉದ್ದನೆಯ ತುಂಡೊಂದನ್ನು ಹೊತ್ತು ತಂದು ಊಟದ ಮೇಜಿನ ಮೇಲಿಟ್ಟ. "ಅಪ್ಪಾ, ಗಿಟಾರ್ ನಾ ಮಾಡತೀನಿ. ಒಳಗ ಕೂಡಸೋ ರಾಡ್ ಅಷ್ಟು ನೀವು ಮಾಡಿಕೊಡ್ರಿ" ಅಂದ. ಒಳ್ಳೆಯ ನೌಕರಿ ಬಿಟ್ಟು ಮನೆಯಲ್ಲಿ ಕುಳಿತವನ ಮೇಲೆ ನನಗೆ ಸಿಟ್ಟಿತ್ತು. ಮಾತುಕತೆಯೂ ಕಡಿಮೆಯಾಗಿತ್ತು. ಆದರೂ ರಾಡ್ ಎಂದಾಕ್ಷಣ ಕಿವಿ ನೆಟ್ಟಗಾಯಿತು.

ಮರದ ವಾದ್ಯದೊಳಗೆ ಉಕ್ಕೇಕೆ? ಗಿಟಾರಿನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ತಂದಾಗ ಒಟ್ಟು ಎಳೆತ ಸುಮಾರು 70 ಕಿಲೋ. ಒಬ್ಬ ಆಳು ಹಗಲು ರಾತ್ರಿ ಜೋತುಬಿದ್ದ ಹಾಗೆ! ತೆಳ್ಳನೆಯ ಕುತ್ತಿಗೆ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇರುತ್ತದೆ, ಒತ್ತಿದರೆ ಬೆರಳು ನೋಯುತ್ತದೆ, ಸ್ವರವೂ ತಪ್ಪುತ್ತದೆ. ಹಿಂದೆ ಕರುಳಿನ ತಂತಿಗಳಿದ್ದಾಗ ಈ ತಾಪತ್ರಯ ಇಷ್ಟಿರಲಿಲ್ಲ. ಉಕ್ಕಿನ ತಂತಿಗಳು ಬಂದ ಮೇಲೆ ಅಮೆರಿಕದ ಗಿಬ್ಸನ್ ಕಂಪನಿಯ ಥಡ್ಡಿಯಸ್ ಮೆಕ್‌ಹ್ಯೂ ಎಂಬಾತ ಬಿಗಿದು ಸಡಿಲಿಸಬಲ್ಲ ಸರಳೊಂದನ್ನು ರೂಪಿಸಿದ. 1923ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ಟ್ರಸ್ ರಾಡ್. ನಮ್ಮ ಕಾರ್ಖಾನೆ ಶೆಡ್ಡುಗಳ ಮಾಡು ಹೊತ್ತಿರುವ ಟ್ರಸ್ ಇದೆಯಲ್ಲ, ಅದೇ ಶಬ್ದ.

ನಾನು 5 ಮಿ.ಮೀ. ಸರಳಿನ ಎರಡೂ ತುದಿಗೆ ಡೈ ಹಾಕಿ ಥ್ರೆಡ್ ಕೊಯ್ದೆ. ಒಂದು ತುದಿ ಗಿಟಾರಿನ ಒಡಲ ಕಡೆ ಕದಲದಂತೆ ಕೂರಬೇಕು, ಇನ್ನೊಂದರ ನಟ್ ತಲೆಯ ಕಡೆ ಕೈಗೆ ಸಿಗುವಂತಿರಬೇಕು. ಸರಳು ಮಲಗುವ ಕಾಲುವೆ ಮಾತ್ರ ನೇರವಲ್ಲ. ತುದಿಗಳಲ್ಲಿ ಮೇಲೆ, ನಡುವೆ ಆಳ. ನಟ್ ಬಿಗಿದಾಗ ಬಾಗಿದ ಸರಳು ನೆಟ್ಟಗಾಗಲು ಹವಣಿಸುತ್ತದೆ, ಕುತ್ತಿಗೆಯ ನಡುವನ್ನು ತಂತಿಗಳ ಕಡೆಗೆ ನೂಕುತ್ತದೆ. ತಂತಿ ಒಂದು ಕಡೆ ಬಗ್ಗಿಸಿದರೆ ಸರಳು ಇನ್ನೊಂದು ಕಡೆ.

ಕೊರೆಯುವ ಕೆಲಸ ಅವನದು. ತುಂಡು ಚೌಕಾಗಿರುವಾಗಲೇ ಕೊರೆಯಬೇಕು, ಬೆನ್ನನ್ನು ಉರುಟಾಗಿಸಿದ ಮೇಲೆ ಹಿಡಿತಕ್ಕೆ ಸಿಗುವುದಿಲ್ಲ. ಕೊರೆದ, ಚೆನ್ನಾಗಿಯೇ ಇತ್ತು. ವಾರ ಕಳೆದು ಬೆನ್ನು ಕೆತ್ತುತ್ತಿದ್ದಾಗ ಒಂದು ಕಡೆ ಉಳಿ ಒಳಕ್ಕಿಳಿಯಿತು. ತೂತಿನಿಂದ ಸರಳು ಇಣುಕುತ್ತಿತ್ತು! ನಡುವೆ 10 ಮಿ.ಮೀ. ಸಾಕಾಗಿದ್ದಲ್ಲಿ 13 ಹೋಗಿತ್ತು. ಅಳತೆ ನೋಡಿಕೊಟ್ಟವನು ನಾನೇ. ತುಂಡಿನ ಮೇಲ್ಮೈ ತುಸು ಏರುಪೇರಾಗಿದ್ದುದನ್ನು ನಾನು ಗಮನಿಸಿರಲಿಲ್ಲ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಎನಿಸಿತು.

ದೀಪಾವಳಿಗೆ ಬೆಳಗಾವಿಗೆ ಹೊರಟಾಗ ದಾರಿಯಲ್ಲಿ ಮಿರಜಿನಲ್ಲಿ ಇಳಿದೆವು. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಪಂಢರಪುರದ ಕಡೆಯ ದೊಡ್ಡ ಸೋರೆಬುರುಡೆಗಳು ಅಂಗಡಿಯ ತುಂಬ ತೂಗುತ್ತಿದ್ದವು. ಮಗ ತಂಬೂರಿಯ ದಂಡಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಟೊಳ್ಳು, ಉಕ್ಕಿನ ಸುಳಿವೇ ಇಲ್ಲ. ಆಗ ನನಗೆ ಹೊಳೆಯಿತು. ತಂಬೂರಿಗೆ ಮೆಟ್ಟಿಲುಗಳೇ ಇಲ್ಲ, ದಂಡಿ ಕೂದಲೆಳೆ ಬಾಗಿದರೂ ಸ್ವರ ಕೆಡದು. ಸಿತಾರಿನ ಮೆಟ್ಟಿಲುಗಳನ್ನು ದಾರದಿಂದ ಕಟ್ಟಿರುತ್ತಾರೆ, ಸರಿಸಬಹುದು. ನಮ್ಮ ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಸ್ವರ ತಪ್ಪಿದರೆ ಮೇಳ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. ನಮ್ಮವರು ಮೆಟ್ಟಿಲನ್ನೇ ಸ್ವರಕ್ಕೆ ಹೊಂದಿಸಿಕೊಂಡರು. ಗಿಟಾರಿನ ಮೆಟ್ಟಿಲುಗಳೋ ಮರಕ್ಕೆ ಬಡಿದು ಕೂರಿಸಿದ ಲೋಹದವು, ಅಲುಗವು. ಅಲ್ಲಿ ಮರವನ್ನೇ ಹದದಲ್ಲಿಡಬೇಕು.

ಎರಡನೆಯ ತುಂಡಿಗೆ ಮೊದಲು ರಂಧಾ ಹಾಕಿ ಮಟ್ಟ ಮಾಡಿದೆವು. ಮೂರು ಕಡೆ ಆಳ ಅಳೆದು ಬರೆದುಕೊಂಡೆವು. ಸರಳಿಗೆ ಮೇಣ ಸವರಿದೆವು, ಅಂಟು ಹಿಡಿದರೆ ಅದು ಆಡುವುದಿಲ್ಲ. ಮೇಲೆ ಕಾಲುವೆಯ ಬಾಗಿಗೆ ಹೊಂದುವ ಮರದ ಪಟ್ಟಿ ಒತ್ತಿ ಅಂಟಿಸಿದೆವು. ಪಟ್ಟಿ ಸಡಿಲವಾದರೆ ತಂತಿ ಮೀಟಿದಾಗಲೆಲ್ಲ ಒಳಗೆ ಸರಳು ಗಿರಗುಟ್ಟುತ್ತದೆಯಂತೆ. ಕೊನೆಗೆ ಬೆರಳಾಡುವ ಹಲಗೆ, ಅದು ಬೀಟೆ ಮರದ್ದು. ಬ್ರೆಜಿಲ್ಲಿನ ರೋಸ್‌ವುಡ್ ದುರ್ಲಭವಾದಾಗ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಗಿಟಾರುಗಳಿಗೆ ಭಾರತದ ರೋಸ್‌ವುಡ್ಡನ್ನೇ, ಅಂದರೆ ಈ ಬೀಟೆಯನ್ನೇ ನೆಚ್ಚಿಕೊಂಡಿತು. ನಮ್ಮ ಘಟ್ಟದ ಮರ ಎಲ್ಲೆಲ್ಲಿ ಹಾಡುತ್ತಿದೆಯೋ!

ಸಂಕ್ರಾಂತಿಯ ದಿನ ತಂತಿ ಏರಿಸಿ ಶ್ರುತಿ ಮಾಡಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ನನ್ನ ಹಳೆಯ ಫೀಲರ್ ಗೇಜ್ ಪೆಟ್ಟಿಗೆಯಿಂದ ಹೊರಬಂತು. ದಪ್ಪ ತಂತಿಯನ್ನು ಮೊದಲ ಮೆಟ್ಟಿಲಿನಲ್ಲೂ ಕುತ್ತಿಗೆ ಒಡಲಿಗೆ ಸೇರುವಲ್ಲೂ ಒತ್ತಿ ಹಿಡಿದು, ಏಳನೆಯ ಮೆಟ್ಟಿಲಿನ ಮೇಲೆ ಸಂದು ಅಳೆಯಬೇಕು. 0.25 ಮಿ.ಮೀ. ಆಸುಪಾಸು ಇದ್ದರೆ ಸರಿ. ಅರ್ಧ ಮಿ.ಮೀ. ಇತ್ತು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಅವಸರ ಮಾಡಿದರೆ ಥ್ರೆಡ್ ಹೋಗುತ್ತದೆ, ಇಲ್ಲವೇ ಸರಳೇ ತುಂಡಾಗುತ್ತದೆ. ಆಗ ಅಂಟಿಸಿದ ಹಲಗೆ ಕೀಳದೆ ಗತ್ಯಂತರವಿಲ್ಲ.

"ನೀವೇ ತಿರುಗಸ್ರಿ ಅಪ್ಪಾ, ನನ್ನ ಕೈ ನಡಗತಾವ" ಅಂದ. ಕೀ ಹಾಕಿ ಕಾಲು ಸುತ್ತು ಬಿಗಿದೆ. ಮತ್ತೆ ಶ್ರುತಿ, ಮತ್ತೆ ಅಳತೆ. ಇನ್ನೊಂದು ಅರೆಕಾಲು ಸುತ್ತು. 0.25ರ ಎಲೆ ಸಂದಿನಲ್ಲಿ ತೀಡುತ್ತ ಹೋಯಿತು, ಮುಂದಿನದು ಹೋಗಲಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಮರ ತೇವ ಕುಡಿದು ಬಾಗು ಬದಲಾಯಿತು. ಆ ಸಲ ಕೀ ಹಾಕಿದವನು ಅವನು, ಗೇಜ್ ಹಿಡಿದವನು ನಾನು.