ಹೂತ ಟ್ರೇಲರ್, ಕೈಕೊಟ್ಟ ವಿಂಚ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುವ ಹೊತ್ತಿಗೆ ಮಳೆ ಮುಗಿದಿರುತ್ತದೆ, ಹೊಲ ಮಾತ್ರ ಪೂರ್ತಿ ಒಣಗಿರುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಎರೆಭೂಮಿ ಮೇಲೆ ಗಟ್ಟಿಯಾಗಿ ಕಂಡರೂ ಒಂದು ಗೇಣು ಕೆಳಗೆ ಹಸಿ ಇಟ್ಟುಕೊಂಡೇ ಕೂತಿರುತ್ತದೆ. ಉಗಾರದ ಕಾರ್ಖಾನೆಗೋ ಇನ್ನೊಂದಕ್ಕೋ ಹೊರಟ ಟ್ರ್ಯಾಕ್ಟರ್ ಡಾಂಬರು ರಸ್ತೆಯಲ್ಲಿ ಸಿಕ್ಕಿಬೀಳುವುದು ಅಪರೂಪ. ಅದು ಹೂತುಕೊಳ್ಳುವುದು ಹೊಲದಿಂದ ರಸ್ತೆಗೆ ಏರುವ ಆ ನಾಲ್ಕು ಮಾರಿನಲ್ಲಿ. ಆಗ ಇನ್ನೊಂದು ಟ್ರ್ಯಾಕ್ಟರು, ದಪ್ಪ ಸರಪಳಿ, ಇಲ್ಲವೇ ವಿಂಚ್ ಕೂರಿಸಿದ ಜೀಪನ್ನು ಕರೆಯುತ್ತಾರೆ. ವಿಂಚ್ ಗುರುಗುಟ್ಟಿ ನಿಂತುಬಿಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮೋಟರ್ ಸುಟ್ಟಿತು.’ ಬಹಳ ಸಲ ಮೋಟರಿಗೆ ಏನೂ ಆಗಿರುವುದಿಲ್ಲ. ಬಲ ಬ್ಯಾಟರಿಯಿಂದ ಹೊರಟು ಕೊಕ್ಕೆಯವರೆಗೆ ಬರುವ ದಾರಿಯಲ್ಲಿ ಎಲ್ಲೋ ಸೋರಿಹೋಗಿರುತ್ತದೆ, ಇಲ್ಲವೇ ಮಣ್ಣು ಕೇಳುವ ಬಲದ ಲೆಕ್ಕವನ್ನೇ ಯಾರೂ ಹಾಕಿರುವುದಿಲ್ಲ.

ಮೊದಲು ಮಣ್ಣಿನ ಲೆಕ್ಕ. ದಖ್ಖನ್ನಿನ ಬಸಾಲ್ಟ್ ಕಲ್ಲು ಸವೆದು ಆದ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ ಹೆಚ್ಚು. ಅದರ ಕಣಗಳು ತೆಳು ಪದರಗಳ ಅಟ್ಟಿ. ನೀರು ಆ ಪದರಗಳ ನಡುವೆಯೇ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಮಳೆಯಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬಿಡುವುದು ಇದರಿಂದಲೇ. ಹಸಿಯಾದಾಗ ಅದಕ್ಕೆ ಭಾರ ಹೊರುವ ಶಕ್ತಿ ಇಲ್ಲ, ಅಂಟುವ ಶಕ್ತಿ ಮಾತ್ರ ಬೇಕಾದಷ್ಟು. ಜೊತೆಗೆ ಇನ್ನೊಂದು ತೊಡಕಿದೆ. ಚಕ್ರವನ್ನು ಮೇಲೆತ್ತಿದಾಗ ಅದರಡಿ ಖಾಲಿಯಾಗುವ ಜಾಗಕ್ಕೆ ಗಾಳಿಯೋ ನೀರೋ ಬರಬೇಕು, ಆದರೆ ಜೇಡಿ ಎರಡನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಅಲ್ಲಿ ಒತ್ತಡ ಇಳಿದು ಚಕ್ರವನ್ನು ಕೆಳಕ್ಕೇ ಹೀರಿ ಹಿಡಿಯುತ್ತದೆ. ರಾಡಿಯಲ್ಲಿ ಹೂತ ಕಾಲನ್ನು ಎಳೆದರೆ ಚಪ್ಪಲಿ ಅಲ್ಲೇ ಉಳಿಯುವುದು ಇದೇ ಕಾರಣಕ್ಕೆ. ಎಳೆಯುವ ಮೊದಲು ಚಕ್ರದ ಮುಂದೆ ಸಲಿಕೆಯಿಂದ ಇಳಿಜಾರು ಕಡಿದು, ಪಕ್ಕದಲ್ಲಿ ಗಾಳಿ ಒಳಹೋಗುವಂತೆ ಕೆದಕಿದರೆ ಬೇಕಾಗುವ ಬಲ ಗಣನೀಯವಾಗಿ ಇಳಿಯುತ್ತದೆ. ಸಲಿಕೆಯನ್ನು ನಾನು ವಿಂಚಿನ ಮೊದಲ ಭಾಗವೆಂದೇ ಎಣಿಸುತ್ತೇನೆ.

ಎಷ್ಟು ಬಲ ಬೇಕು ಎನ್ನುವುದಕ್ಕೆ ಅಮೆರಿಕದ ಸೇನೆಯ ವಾಹನ ರಕ್ಷಣಾ ಕೈಪಿಡಿಯಲ್ಲಿ ಒಂದು ಒರಟು ಸೂತ್ರವಿದೆ. ಚಕ್ರದ ಮಟ್ಟಕ್ಕೆ ಹೂತ ವಾಹನಕ್ಕೆ ಅದರ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡಿನವರೆಗೆ ಹೂತರೆ ತೂಕದ ಎರಡು ಪಟ್ಟು. ಕಬ್ಬು ತುಂಬಿದ ಒಂದು ಟ್ರೇಲರಿನ ಒಟ್ಟು ತೂಕ 12 ಟನ್ ಎಂದಿಟ್ಟುಕೊಳ್ಳೋಣ. ಚಕ್ರ ಹೂತಿದ್ದರೆ 12 ಟನ್ ಎಳೆತ ಬೇಕು. ಜೀಪಿನ ಮುಂದೆ ಕೂರಿಸುವ ಸಾಮಾನ್ಯ ವಿಂಚಿನ ಮೇಲೆ ಬರೆದಿರುವ ಸಾಮರ್ಥ್ಯ 4,300 ಕೆಜಿ ಆಸುಪಾಸು. ಆ ಅಂಕಿ ಕೂಡ ಡ್ರಮ್ಮಿನ ಮೇಲೆ ಹಗ್ಗದ ಮೊದಲ ಸುತ್ತಿನ ಪದರ ಮಾತ್ರ ಇದ್ದಾಗಿನದು. ಪದರದ ಮೇಲೆ ಪದರ ಬಂದಂತೆ ಡ್ರಮ್ಮಿನ ತ್ರಿಜ್ಯ ಹೆಚ್ಚುತ್ತದೆ, ಎಳೆತ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ನಾಲ್ಕನೆಯ ಪದರಕ್ಕೆ ಬರುವಾಗ ಸುಮಾರು 2,600 ಕೆಜಿ ಉಳಿದರೆ ಹೆಚ್ಚು. ವಾಹನವನ್ನು ಹತ್ತಿರ ತಂದು ನಿಲ್ಲಿಸಿ ಎರಡು ಮಾರು ಹಗ್ಗ ಬಿಚ್ಚಿ ಎಳೆಯುವವರು ವಿಂಚಿನ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಡ್ರಮ್ಮಿನಲ್ಲೇ ಕಳೆದುಕೊಳ್ಳುತ್ತಾರೆ. ದೂರ ನಿಲ್ಲಿಸಿ, ಹಗ್ಗ ಹೆಚ್ಚು ಬಿಚ್ಚಿ ಎಳೆಯಬೇಕು. ಆದರೆ ಡ್ರಮ್ಮಿನ ಮೇಲೆ ಉಕ್ಕಿನ ಹಗ್ಗವಾದರೆ ಕನಿಷ್ಠ ಐದು ಸುತ್ತು ಉಳಿದಿರಲೇಬೇಕು. ಭಾರ ಹಿಡಿಯುವುದು ಆ ಸುತ್ತುಗಳ ಘರ್ಷಣೆ. ಹಗ್ಗದ ತುದಿಯ ಬೋಲ್ಟಿಗೆ ಆ ತಾಕತ್ತಿಲ್ಲ.

ಹೂತ ಟ್ರೇಲರಿಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ ವಾಪಸು ತಂದು ವಿಂಚಿನ ವಾಹನಕ್ಕೇ ಬಿಗಿದರೆ ಎಳೆತ ಹತ್ತಿರಹತ್ತಿರ ಇಮ್ಮಡಿ, ವೇಗ ಅರ್ಧ. ಆದರೂ ಎಂಟು ಟನ್ ದಾಟುವುದು ಕಷ್ಟ. ಹಾಗಾಗಿ ಯಾರಿಗೂ ಬೇಡವಾದ ಮಾತು ಹೇಳಲೇಬೇಕು: ಅರ್ಧ ಕಬ್ಬು ಇಳಿಸಿ. 12 ಟನ್ 7 ಟನ್ ಆದರೆ ರಾಟೆಯೊಂದಿಗೆ ಹಗ್ಗದ ಮೇಲೆ ಬೀಳುವುದು ಮೂರೂವರೆ ಟನ್ನಿನಷ್ಟು, ರಾಟೆಯ ಘರ್ಷಣೆಗೆ ಇನ್ನೊಂದಿಷ್ಟು. ಅದು ವಿಂಚಿನ ಕೈಯಳತೆಯೊಳಗೆ ಬರುತ್ತದೆ. ಕಡಿಯುವ ಗ್ಯಾಂಗಿನವರಿಗೆ ಮತ್ತೆ ಹೊರೆ ಹೊರುವ ತ್ರಾಸು ನಿಜ. ಹರಿದ ಹಗ್ಗ ಮುಖಕ್ಕೆ ಬಡಿಯುವ ತ್ರಾಸು ಅದಕ್ಕಿಂತ ದೊಡ್ಡದು.

ಇನ್ನೊಂದು ಟ್ರ್ಯಾಕ್ಟರಿನಿಂದ ಸರಪಳಿ ಕಟ್ಟಿ ಜಗ್ಗುವುದು ವಿಂಚಿಗಿಂತ ಅಪಾಯ. ಸರಪಳಿಯನ್ನು ಡ್ರಾಬಾರಿಗಿಂತ ಮೇಲೆ, ಹಿಂದಿನ ಆಕ್ಸಲ್ಲಿಗೋ ಟಾಪ್ ಲಿಂಕಿನ ಪಿನ್ನಿಗೋ ಕಟ್ಟಿದರೆ ಎಳೆಯುವ ಬಲವೇ ಟ್ರ್ಯಾಕ್ಟರಿನ ಮುಂದಿನ ಚಕ್ರಗಳನ್ನು ಎತ್ತಿ ಹಿಂದಕ್ಕೆ ಮಗುಚುತ್ತದೆ. ಮಗುಚಲು ಒಂದೆರಡು ಸೆಕೆಂಡು ಸಾಕು, ಡ್ರೈವರ್ ಕ್ಲಚ್ ಒತ್ತುವಷ್ಟರಲ್ಲಿ ಕೈಮೀರಿರುತ್ತದೆ. ಕಟ್ಟಲೇಬೇಕೆಂದರೆ ಡ್ರಾಬಾರಿಗೇ ಕಟ್ಟಬೇಕು, ಜರ್ಕ್ ಕೊಡಬಾರದು.

ಈಗ ವಿಂಚ್ ಸುಮ್ಮನೆ ಕೂತರೆ ಏನು ಮಾಡಬೇಕು? ಕಿವಿಗೊಡಿ. ರಿಮೋಟಿನ ಗುಂಡಿ ಒತ್ತಿದಾಗ ಸೊಲೆನಾಯ್ಡಿನಿಂದ ‘ಟಕ್’ ಸದ್ದು ಬರದಿದ್ದರೆ ತೊಂದರೆ ಸಣ್ಣ ತಂತಿಗಳಲ್ಲಿ: ರಿಮೋಟಿನ ಕೇಬಲ್, ಅದರ ಸಾಕೆಟ್ಟಿನಲ್ಲಿ ಕೂತ ಮಣ್ಣು, ಫ್ಯೂಸ್. ಟಕ್ ಅಂದು ಮೋಟರ್ ತಿರುಗದಿದ್ದರೆ ದಪ್ಪ ತಂತಿಯ ದಾರಿಯಲ್ಲಿ ಹುಡುಕಿ. ಹಗ್ಗ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ ಎಂದರೆ ಬ್ಯಾಟರಿ, ಮೋಟರ್ ಎರಡೂ ಆರೋಗ್ಯವಾಗಿವೆ ಎಂದಾಯಿತು. ಕೆಟ್ಟಿರುವುದು ದಿಕ್ಕು ಬದಲಿಸುವ ಸೊಲೆನಾಯ್ಡ್ ಇಲ್ಲವೇ ಅದರ ಸ್ವಿಚ್. ಮೋಟರ್ ಭರ್ರನೆ ತಿರುಗಿ ಡ್ರಮ್ ನಿಂತೇ ಇದ್ದರೆ ಕ್ಲಚ್ ಲಿವರ್ ಪೂರ್ತಿ ಕೂತಿಲ್ಲ, ಇಲ್ಲವೇ ಗೇರಿನ ಹಲ್ಲು ಹೋಗಿದೆ.

ಅತಿ ಹೆಚ್ಚು ಕಾಡುವುದು ಇನ್ನೊಂದು ಲಕ್ಷಣ: ಖಾಲಿ ಇದ್ದಾಗ ಚೆನ್ನಾಗಿ ತಿರುಗಿ, ಭಾರ ಬಿದ್ದೊಡನೆ ಸೋಲುವುದು. ಇಲ್ಲಿ ಓಮ್‌ನ ನಿಯಮ ನೆನಪಾಗಬೇಕು. 12 ವೋಲ್ಟಿನ ಇಂಥ ವಿಂಚ್ ಪೂರ್ಣ ಭಾರದಲ್ಲಿ 400 ಆಂಪಿಯರಿನಷ್ಟು ವಿದ್ಯುತ್ ಎಳೆಯುತ್ತದೆ. ಹಸಿರು ಕಿಲುಬು ಕಟ್ಟಿದ ಒಂದು ಟರ್ಮಿನಲ್ಲು ಓಮ್‌ನ ನೂರನೇ ಒಂದು ಭಾಗದಷ್ಟು ಪ್ರತಿರೋಧ ಒಡ್ಡಿದರೂ 400 ಆಂಪಿಯರಿಗೆ 4 ವೋಲ್ಟ್ ಅಲ್ಲೇ ಕರಗಬೇಕು. ಮೋಟರಿಗೆ ಸಿಗುವುದು ಎಂಟೇ ವೋಲ್ಟ್. ಕಳೆದುಹೋದ ವಿದ್ಯುತ್ತು 1,600 ವಾಟ್ ಶಾಖವಾಗಿ ಆ ಜೋಡಣೆಯನ್ನು ಕಾಯಿಸುತ್ತದೆ. ಖಾಲಿ ತಿರುಗುವಾಗ ವಿದ್ಯುತ್ ಕಡಿಮೆ, ನಷ್ಟವೂ ಕಡಿಮೆ, ಆದ್ದರಿಂದ ದೋಷ ಅಡಗಿಯೇ ಇರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಗೂಟಕ್ಕೆ, ಇನ್ನೊಂದನ್ನು ಅದೇ ತಂತಿ ಮೋಟರಿಗೆ ಸೇರುವ ಜಾಗಕ್ಕೆ ಹಿಡಿದು ಭಾರದಲ್ಲಿ ನೋಡಿ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಕೊಳೆ ಇದೆ. ನೆಲದ ತಂತಿಗೂ ಇದೇ ಪರೀಕ್ಷೆ. ಮೀಟರ್ ಇಲ್ಲವೆಂದರೆ, ಎಳೆದು ನಿಲ್ಲಿಸಿ, ಹಗ್ಗದ ಬಿಗಿ ಸಡಿಲಿಸಿದ ಮೇಲೆ ಬ್ಯಾಟರಿಯಿಂದ ಮೋಟರಿನವರೆಗಿನ ಒಂದೊಂದು ಜೋಡಣೆಯ ಬಳಿಗೂ ಹಿಂಗೈ ಒಯ್ಯಿರಿ. ಉಳಿದವುಗಳಿಗಿಂತ ಹೆಚ್ಚು ಕಾವು ಕೊಡುವ ಜೋಡಣೆಯೇ ಕಳ್ಳ. ಬಿಚ್ಚಿ, ಪಾಲಿಷ್ ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ತೆಳುವಾಗಿ ಗ್ರೀಸ್ ಹಚ್ಚಿ. ಹೊಸ ಮೋಟರಿನ ಖರ್ಚು ಎಷ್ಟೋ ಸಲ ಇಷ್ಟರಲ್ಲೇ ಉಳಿಯುತ್ತದೆ.

ಎಳೆದ ಭಾರ ನಿಂತಲ್ಲೇ ನಿಲ್ಲದೆ ಮೆಲ್ಲಗೆ ಹಿಂದೆ ಜಾರಿದರೆ ಬ್ರೇಕ್ ಸವೆದಿದೆ. ಈ ಮಾದರಿಯ ಅನೇಕ ವಿಂಚುಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಂಥ ಇಳಿಜಾರಿನಲ್ಲಿ ವಾಹನವನ್ನು ಮೋಟರಿನಿಂದಲೇ ಬಹಳ ಹೊತ್ತು ಕೆಳಗಿಳಿಸಿದರೆ ಬ್ರೇಕ್ ಕಾದು ಡ್ರಮ್ಮೂ ಸುಡುತ್ತದೆ. ಈಚೆಗೆ ಹಲವರು ಹಾಕಿಸುವ ಹಗುರ ಸಿಂಥೆಟಿಕ್ ಹಗ್ಗ 70 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಬಲ ಕಳೆದುಕೊಳ್ಳಲು ಶುರುಮಾಡುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಡ್ರಮ್ಮಿಗೆ ಅಂಟಿದ ಒಳಸುತ್ತಿನ ಎಳೆಗಳು ಮೆರುಗುಗಟ್ಟಿ ಬಿರುಸಾಗಿರುತ್ತವೆ. ಆಗಾಗ ನಿಲ್ಲಿಸಿ ಆರಲು ಬಿಡುವುದೊಂದೇ ದಾರಿ.

2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯಲ್ಲಿ ವೇದಗಂಗಾ ನದಿ ಯಮಗರ್ಣಿ ಬಳಿ ಹೆದ್ದಾರಿಯನ್ನೇ ಮುಳುಗಿಸಿತು. ಅಂಥ ನೀರಿನಲ್ಲಿ ನಿಂತ ವಿಂಚನ್ನು ಹೊರಗೆ ಒರೆಸಿ ಇಟ್ಟರೆ ಆಗಲಿಲ್ಲ. ಮೋಟರಿನೊಳಗೆ ಹೋದ ನೀರು ಬ್ರಷ್ಷು, ಬೇರಿಂಗುಗಳನ್ನು ತಿನ್ನುತ್ತದೆ. ಗೇರ್ ಬಾಕ್ಸ್ ಬಿಚ್ಚಿದಾಗ ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಪೂರ್ತಿ ತೊಳೆದು ಹೊಸದು ತುಂಬಬೇಕು. ಬಳಸದ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ಕೆಲವು ನಿಮಿಷ ಎರಡೂ ದಿಕ್ಕಿಗೆ ತಿರುಗಿಸಿದರೆ ಮೋಟರಿನ ಒಳತೇವ ಆರುತ್ತದೆ, ಕ್ಲಚ್ ಲಿವರ್ ತುಕ್ಕು ಹಿಡಿದು ಕೂರುವುದಿಲ್ಲ.

ಹಗ್ಗದ ಆರೈಕೆಗೆ ನಮ್ಮಲ್ಲಿ ಸಿಗುವ ಗಮನ ತೀರಾ ಕಡಿಮೆ. ಎರೆಮಣ್ಣು ಉಕ್ಕಿನ ಎಳೆಗಳ ಸಂದಿಯಲ್ಲಿ ಕೂತು ತೇವ ಹಿಡಿದಿಡುತ್ತದೆ, ತುಕ್ಕು ಒಳಗಿನಿಂದ ಏಳುತ್ತದೆ. ಹಂಗಾಮು ಮುಗಿದ ಮೇಲೆ ಪೂರ್ತಿ ಬಿಚ್ಚಿ, ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಇಳಿಯುವಂಥ ತೆಳು ಎಣ್ಣೆ ಹಚ್ಚಬೇಕು. ದಪ್ಪ ಗ್ರೀಸ್ ಬಳಿದರೆ ಅದು ಮೇಲೇ ನಿಂತು ದೂಳು ಹಿಡಿಯುತ್ತದೆ. ಮತ್ತೆ ಸುತ್ತುವಾಗ ಹಿಂದೆ ಒಂದು ಭಾರ ಕಟ್ಟಿ ಬಿಗಿಯಾಗಿ ಸುತ್ತಬೇಕು. ಸಡಿಲ ಸುತ್ತಿನ ಮೇಲೆ ಭಾರ ಬಿದ್ದರೆ ಮೇಲಿನ ಹಗ್ಗ ಕೆಳಗಿನ ಪದರದೊಳಗೆ ನುಗ್ಗಿ ಕಚ್ಚಿಕೊಳ್ಳುತ್ತದೆ. ತುದಿಯಲ್ಲಿ ಯು-ಕ್ಲಾಂಪ್ ಹಾಕುವಾಗ ಅದರ ಅಗಲವಾದ ತಡಿ ಭಾರ ಹೊರುವ ಹಗ್ಗದ ಮೇಲೆ, ಯು ಆಕಾರದ ಬೋಲ್ಟ್ ಮಡಚಿದ ತುಂಡಿನ ಮೇಲೆ ಬರಬೇಕು. ತಿರುಗಾಮುರುಗಾ ಹಾಕಿದ್ದನ್ನು ಗ್ಯಾರೇಜುಗಳಲ್ಲೂ ಕಾಣಬಹುದು. ಆಗ ಬೋಲ್ಟ್ ಜೀವಂತ ಹಗ್ಗವನ್ನೇ ಜಜ್ಜುತ್ತದೆ. ಮೊದಲ ಎಳೆತದ ನಂತರ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು.

ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ಬಿಗಿದ ಹಗ್ಗದಲ್ಲಿ ಕೂತ ಶಕ್ತಿ ಎಳೆತದ ವರ್ಗದಂತೆ ಏರುತ್ತದೆ, ಎಳೆತ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಹರಿದರೆ ಚೀಲದ ಭಾರ ಅದನ್ನು ನೆಲಕ್ಕೆ ಕೆಡವಲು ನೆರವಾಗುತ್ತದೆ. ಹಗ್ಗವನ್ನು ಯಾರೂ ದಾಟಬಾರದು, ಅದರ ಉದ್ದಕ್ಕೆ ಯಾರೂ ನಿಲ್ಲಬಾರದು. ಹೊಲದ ಬದುವಿನ ಮೇಲೆ ಸೇರುವ ಹುಡುಗರನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸಿಯೇ ಗುಂಡಿ ಒತ್ತಬೇಕು.

ಯಾವಾಗ ಹಗ್ಗ ಬಿಸಾಡಬೇಕು? ಕ್ರೇನುಗಳಿಗೆ ಬಳಸುವ ನಿಯಮ ಇಲ್ಲಿಗೂ ಸಲ್ಲುತ್ತದೆ. ಒಂದು ಎಳೆ ಹಗ್ಗದ ಸುತ್ತ ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ ಒಟ್ಟು ಆರು ತಂತಿ ಮುರಿದಿದ್ದರೆ, ಇಲ್ಲವೇ ಒಂದೇ ಎಳೆಯಲ್ಲಿ ಮೂರು ಮುರಿದಿದ್ದರೆ ಆ ಹಗ್ಗ ಮುಗಿಯಿತು. ಗಂಟಾಗಿ ಮಡಚಿಕೊಂಡದ್ದು, ಎಳೆಗಳು ಪಂಜರದಂತೆ ಉಬ್ಬಿದ್ದು ಕೂಡ ಮುಗಿದ ಹಗ್ಗವೇ. ಸುತ್ತಿಗೆಯಿಂದ ಬಡಿದು ನೇರ ಮಾಡಿದರೆ ಹೋದ ಬಲ ಬರುವುದಿಲ್ಲ. ತೆಗೆದ ಹಗ್ಗವನ್ನು ಶೆಡ್ಡಿನ ಮೂಲೆಯಲ್ಲಿ ಸುರುಳಿ ಸುತ್ತಿ ಇಡಬೇಡಿ. ಅದೇ ದಿನ ಮಾರುದ್ದದ ತುಂಡುಗಳಾಗಿ ಕತ್ತರಿಸಿ ಗುಜರಿಗೆ ಹಾಕಿ. ಇಡಿಯಾಗಿ ಉಳಿದರೆ ಮುಂದಿನ ಹಂಗಾಮಿನಲ್ಲಿ ಅವಸರದಲ್ಲಿರುವ ಯಾರೋ ಅದನ್ನೇ ಎತ್ತಿಕೊಂಡು ಹೋಗಿ ಹೂತ ಟ್ರೇಲರಿಗೆ ಕಟ್ಟುತ್ತಾರೆ.